ಡ್ರೈಸೂಟ್ ವಾಲ್ವು: ತೊಳೆಯುವುದು ಹೇಗೆ, ಬಿಚ್ಚುವುದು ಯಾವಾಗ

ಬೆಂಗಳೂರಿನಲ್ಲಿ ಸ್ಕೂಬಾ ಡೈವಿಂಗ್ ಕಲಿಯುವವರು ಈಜುಕೊಳದಲ್ಲಿ ಪಾಠ ಮುಗಿಸಿ ಸಾಮಾನ್ಯವಾಗಿ ಹೋಗುವುದು ಮುರುಡೇಶ್ವರಕ್ಕೆ. ಅಲ್ಲಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಸಮುದ್ರ ಬೆಚ್ಚಗಿರುತ್ತದೆ, ನೀರು ಒಳಬಿಟ್ಟರೂ ಬೆಚ್ಚಗಿಡುವ ತೆಳುವಾದ ವೆಟ್‌ಸೂಟ್ ಇದ್ದರೆ ಸಾಕು. ಆದರೆ ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಂಥ ಜಾಗಗಳಿಗೆ ಹೊರಟವರಿಗೆ ಬೇರೆಯೇ ಉಡುಪು ಬೇಕು. ಅಲ್ಲಿ ವರ್ಷವಿಡೀ ನೀರು 2ರಿಂದ 4 ಡಿಗ್ರಿ. ಮೈಗೆ ನೀರೇ ತಾಕಬಾರದು. ಅದಕ್ಕಿರುವುದು ಡ್ರೈಸೂಟ್.

ಬಾಡಿಗೆ ಸೂಟು ಹಾಕಿಕೊಂಡವರಿಗೆ ಹೆಚ್ಚಿನ ತಲೆನೋವಿಲ್ಲ. ಸ್ವಂತದ್ದು ಕೊಂಡವರ ಕಥೆ ಹಾಗಲ್ಲ. ಎರಡನೇ ಕೈ ಸೂಟು ತಂದು, ಒಂದು ಪ್ರವಾಸ ಮುಗಿಸಿ, ಮನೆಯ ಸಜ್ಜದ ಮೇಲೆ ಎತ್ತಿಟ್ಟರೆ ಮತ್ತೆ ಕೆಳಗಿಳಿಸುವುದು ವರ್ಷವಾದ ಮೇಲೆ. ಅಷ್ಟರಲ್ಲಿ ವಾಲ್ವಿನ ಬಟನ್ ಬಿಗಿದುಕೊಂಡಿರುತ್ತದೆ, ಇಲ್ಲವೇ ತೋಳಿನಲ್ಲಿ ನೀರು ಜಿನುಗುತ್ತದೆ. ಈ ವಾಲ್ವುಗಳು ಹೇಗೆ ಕೆಲಸ ಮಾಡುತ್ತವೆ, ಯಾಕೆ ಕೆಡುತ್ತವೆ, ಮನೆಯಲ್ಲೇ ಎಷ್ಟು ರಿಪೇರಿ ಮಾಡಬಹುದು ಎಂಬುದನ್ನು ಮೊದಲಿನಿಂದ ನೋಡೋಣ.

ಸೂಟಿಗೆ ವಾಲ್ವು ಯಾಕೆ?

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಡ್ರೈಸೂಟಿನಲ್ಲಿ ಕುತ್ತಿಗೆ, ಮಣಿಕಟ್ಟುಗಳಿಗೆ ರಬ್ಬರಿನ ಬಿಗಿ ಪಟ್ಟಿ ಇರುತ್ತದೆ. ಇದಕ್ಕೆ ಸೀಲ್ ಎನ್ನುತ್ತಾರೆ. ಜಿಪ್ ಕೂಡ ನೀರು ಬಿಡದಂಥದ್ದು. ಒಳಗೆ ದಪ್ಪನೆಯ ಉಣ್ಣೆಯಂಥ ಬಟ್ಟೆ, ಅದರ ಎಳೆಗಳ ನಡುವೆ ಗಾಳಿ. ಬೆಚ್ಚಗಿಡುವುದು ಆ ಗಾಳಿಯೇ.

ತೊಂದರೆ ಶುರುವಾಗುವುದೂ ಅದೇ ಗಾಳಿಯಿಂದ. 10 ಮೀಟರ್ ಇಳಿದಂತೆಲ್ಲ ನೀರಿನ ಒತ್ತಡ ಸುಮಾರು 1 ಬಾರ್, ಅಂದರೆ ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು, ಏರುತ್ತದೆ. ಮೇಲೆ 1 ಬಾರ್, 10 ಮೀಟರಿನಲ್ಲಿ 2, 30 ಮೀಟರಿನಲ್ಲಿ 4. ಒತ್ತಡ ಎರಡರಷ್ಟಾದರೆ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಇಳಿಯುವಾಗ ಸೂಟು ಮೈಗೆ ಅಂಟಿ ಚರ್ಮವನ್ನು ಚಿವುಟುತ್ತದೆ, ಆಗ ಗಾಳಿ ತುಂಬಬೇಕು. ಏರುವಾಗ ಇದರ ತಿರುಗುಮುರುಗು. 30 ಮೀಟರ್ ಆಳದಲ್ಲಿ ಸೂಟಿನೊಳಗೆ 10 ಲೀಟರ್ ಗಾಳಿ ಇದ್ದರೆ, 10 ಮೀಟರಿಗೆ ಬರುವಷ್ಟರಲ್ಲಿ ಅದು 20 ಲೀಟರ್, ಮೇಲೆ ಬಂದಾಗ 40 ಲೀಟರ್. ಕೊನೆಯ ಹತ್ತು ಮೀಟರಿನಲ್ಲೇ ಹೆಚ್ಚುವುದು 20 ಲೀಟರ್, ಅಂದರೆ ಮನೆಗೆ ಬರುವ ಕುಡಿಯುವ ನೀರಿನ ಒಂದು ಕ್ಯಾನಿನಷ್ಟು. ಅಷ್ಟು ಗಾಳಿ ನೀರಿನಲ್ಲಿ ಸುಮಾರು 20 ಕೆ.ಜಿ. ಭಾರವನ್ನು ಮೇಲಕ್ಕೆತ್ತುತ್ತದೆ. ಅದು ಹೊರಹೋಗದಿದ್ದರೆ ಡೈವರ್ ಬೆಂಡಿನಂತೆ ಮೇಲಕ್ಕೆ ಚಿಮ್ಮುತ್ತಾನೆ. ಹಾಗೆ ಹಠಾತ್ತಾಗಿ ಮೇಲೆ ಬಂದರೆ ಶ್ವಾಸಕೋಶಕ್ಕೂ ಅಪಾಯ, ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗುವ ಅಪಾಯವೂ ಇದೆ.

ಆದ್ದರಿಂದ ಎರಡು ವಾಲ್ವು: ಎದೆಯ ನಡುವೆ ಗಾಳಿ ತುಂಬುವುದು, ಎಡತೋಳಿನ ಮೇಲ್ಭಾಗದಲ್ಲಿ ಗಾಳಿ ಬಿಡುವುದು.

ಒಳಗೆ ಏನಿದೆ?

ಗಾಳಿ ತುಂಬುವ ವಾಲ್ವಿಗೆ ಉಸಿರಾಟದ ಗಾಳಿಯ ಸಿಲಿಂಡರಿನ ಒತ್ತಡ ಇಳಿಸುವ ರೆಗ್ಯುಲೇಟರಿನಿಂದ ಒಂದು ಹೋಸ್ ಬಂದು ಸೇರುತ್ತದೆ. ಆ ಹೋಸಿನಲ್ಲಿ ಸುತ್ತಲಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಹೆಚ್ಚು ಒತ್ತಡ ಇರುತ್ತದೆ. ಕಾರಿನ ಟೈರಿನಲ್ಲಿರುವುದು ಸುಮಾರು 2.2 ಬಾರ್, ಹೋಲಿಸಿ ನೋಡಿ. ಇಷ್ಟು ಒತ್ತಡವನ್ನು ತಡೆದು ನಿಲ್ಲಿಸಿರುವುದು ಒಂದು ಸಣ್ಣ ಪಿಸ್ಟನ್, ಅದರ ಮೇಲೆ ಕೂತ ಬಳೆಯಂಥ ರಬ್ಬರ್ ಉಂಗುರಗಳು, ಹಿಂದೆ ಒಂದು ಸ್ಪ್ರಿಂಗ್. ಉಂಗುರಕ್ಕೆ ಓ-ರಿಂಗ್ ಎಂದು ಹೆಸರು. ಬಟನ್ ಒತ್ತಿದರೆ ಪಿಸ್ಟನ್ ಜರುಗಿ ದಾರಿ ಬಿಡುತ್ತದೆ. ಬೆರಳು ತೆಗೆದರೆ ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುತ್ತದೆ. ನಲ್ಲಿಯ ವಾಷರ್ ಸವೆದರೆ ಹನಿ ನಿಲ್ಲುವುದಿಲ್ಲವಲ್ಲ, ಇಲ್ಲಿ ಓ-ರಿಂಗ್ ಸವೆದರೆ ಆಗುವುದೂ ಅದೇ. ಹನಿಯ ಬದಲು ಗಾಳಿ.

ಗಾಳಿ ಬಿಡುವ ವಾಲ್ವು ಎರಡು ಕೆಲಸ ಮಾಡುತ್ತದೆ. ಒಂದು, ಕುಕ್ಕರಿನ ವೆಯ್ಟ್ ಮಾಡುವ ಕೆಲಸ: ಒಳಗಿನ ಒತ್ತಡ ಒಂದು ಮಟ್ಟ ಮೀರಿದರೆ ಸ್ಪ್ರಿಂಗ್ ಸೋತು ಗಾಳಿ ಹೊರಗೆ. ಕುಕ್ಕರಿನ ವೆಯ್ಟ್ ಬದಲಿಸಲಾಗದು. ಇಲ್ಲಿ ಮುಚ್ಚಳ ತಿರುಗಿಸಿ ಸ್ಪ್ರಿಂಗಿನ ಬಿಗಿ ಬದಲಿಸಬಹುದು. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ಸಡಿಲ. ಎರಡನೆಯದು ಬಾವಿ ಪಂಪಿನ ಫುಟ್‌ವಾಲ್ವ್ ಮಾಡುವ ಕೆಲಸ: ಒಂದೇ ದಿಕ್ಕಿಗೆ ದಾರಿ. ಗಾಳಿ ಹೊರಗೆ ಹೋಗಬೇಕು, ನೀರು ಒಳಗೆ ಬರಬಾರದು. ಇದನ್ನು ಮಾಡುವುದು ತೆಳುವಾದ ಒಂದು ರಬ್ಬರ್ ಬಿಲ್ಲೆ. ಹಳ್ಳಿಯಲ್ಲಿ ಪಂಪ್ ಓಡಿಸಿದವರಿಗೆ ಗೊತ್ತು, ಫುಟ್‌ವಾಲ್ವಿಗೆ ಒಂದು ಕಡ್ಡಿಚೂರು ಸಿಕ್ಕಿಕೊಂಡರೂ ಪೈಪಿನ ನೀರೆಲ್ಲ ಬಾವಿಗೆ ಇಳಿದುಹೋಗಿ ಬೆಳಿಗ್ಗೆ ಪಂಪ್ ನೀರೆತ್ತುವುದಿಲ್ಲ. ಡ್ರೈಸೂಟಿನ ಬಿಲ್ಲೆಗೂ ಅದೇ ಗತಿ. ಇಲ್ಲಿ ಕಡ್ಡಿಯೂ ಬೇಡ, ಒಂದು ಕೂದಲು ಸಾಕು.

ಕೆಡುವುದು ಯಾಕೆ?

ವಾಲ್ವು ಮುರಿದುಹೋಗುವುದು ಅಪರೂಪ. ಹೆಚ್ಚಿನ ಪಾಲು ತೊಂದರೆಗೆ ಕಾರಣ ಕಸ, ಒಣಗಿದ ಉಪ್ಪು ಮತ್ತು ತಪ್ಪು ಜಿಡ್ಡು. ಇದು ತಿಳಿದಿದ್ದರೆ ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಬಕೆಟ್ ಹಿಡಿಯುತ್ತೀರಿ.

ಉಪ್ಪುನೀರು ಒಣಗಿದಾಗ ಪಿಸ್ಟನ್ ಮತ್ತು ಅದರ ಗೂಡಿನ ನಡುವೆ ಸಣ್ಣ ಹರಳುಗಳು ಉಳಿಯುತ್ತವೆ. ಬಟನ್ ಒತ್ತಿದಾಗಲೆಲ್ಲ ಅವು ಮರಳು ಕಾಗದದಂತೆ ಓ-ರಿಂಗನ್ನು ಕೆರೆಯುತ್ತವೆ. ಬಟನ್ ನಿಧಾನವಾಗಿ ಮೇಲೇಳುವುದು ಮೊದಲ ಸೂಚನೆ. ಅದನ್ನು ಕಡೆಗಣಿಸಿದರೆ ಮುಂದೆ ಒತ್ತಿದ ಬಟನ್ ಒತ್ತಿದಲ್ಲೇ ಉಳಿಯುತ್ತದೆ, ಸೂಟು ತಾನಾಗಿ ತುಂಬಿಕೊಳ್ಳುತ್ತ ಹೋಗುತ್ತದೆ. ಎರಡೂ ವಾಲ್ವುಗಳ ದೋಷಗಳಲ್ಲಿ ಹೆಚ್ಚು ಹೆದರಬೇಕಾದ್ದು ಇದಕ್ಕೇ.

ಕೊರೆಯುವ ನೀರಿನಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಹೆಚ್ಚು ಒತ್ತಡದ ಗಾಳಿ ಒಮ್ಮೆಲೇ ಹಿಗ್ಗಿದಾಗ ತಣ್ಣಗಾಗುತ್ತದೆ. ವಾಲ್ವಿನೊಳಗೆ ತೇವ ಉಳಿದಿದ್ದರೆ ಅದು ಹೆಪ್ಪುಗಟ್ಟಿ ಬಟನ್ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಗಾಳಿಯನ್ನು ಉದ್ದಕ್ಕೆ ಒತ್ತಿ ಹಿಡಿಯದೆ ಚುಟುಕು ಚುಟುಕಾಗಿ ಬಿಡಬೇಕು, ನೀರಿಗಿಳಿಯುವ ಮುಂಚೆ ವಾಲ್ವಿನೊಳಗೆ ತೇವ ಇರಬಾರದು.

ಗಾಳಿ ಬಿಡುವ ವಾಲ್ವಿನ ಶತ್ರುಗಳು ಬರುವುದು ಒಳಗಿನಿಂದ: ಒಳಬಟ್ಟೆಯ ನವಿರು, ತಲೆಗೂದಲು, ಸೀಲಿಗೆ ಹಚ್ಚಿದ ಪೌಡರ್, ಜಿಪ್ಪಿಗೆ ಉಜ್ಜಿದ ಮೇಣದ ಚೂರು. ಹೊರಹೋಗುವ ಗಾಳಿ ಇವನ್ನೆಲ್ಲ ಹೊತ್ತು ತಂದು ಬಿಲ್ಲೆಯ ಅಂಚಿಗೆ ಅಂಟಿಸುತ್ತದೆ. ಲೆನ್ಸ್ ಹಿಡಿದು ನೋಡಿದರೆ ಕಾಣುವುದು ಇಷ್ಟೆ: ಅಂಚಿನ ಕೆಳಗೆ ಅಡ್ಡಬಿದ್ದ ಒಂದು ಬೂದು ಎಳೆ, ಅದರ ಎರಡೂ ಪಕ್ಕ ಬಿಲ್ಲೆ ಕೂದಲೆಳೆಯಷ್ಟು ಎದ್ದು ನಿಂತಿರುತ್ತದೆ. ಆ ಸಂದಿನಲ್ಲಿ ಮುಕ್ಕಾಲು ಗಂಟೆಯಲ್ಲಿ ತೋಳು ಪೂರ್ತಿ ತೊಯ್ಯುವಷ್ಟು ನೀರು ನುಗ್ಗುತ್ತದೆ.

ಒದ್ದೆಯಾದ ಜಾಗ ಏನು ಹೇಳುತ್ತದೆ?

ಸೂಟು ಕಳಚಿದ ಕೂಡಲೇ ಒಳಬಟ್ಟೆಯನ್ನು ಮುಟ್ಟಿ ನೋಡಿ. ಎಡತೋಳಿನ ಮೇಲ್ಭಾಗ, ಕಂಕುಳಿನ ಹತ್ತಿರ ಒದ್ದೆಯಿದ್ದರೆ ಗಾಳಿ ಬಿಡುವ ವಾಲ್ವಿನ ಮೇಲೆ ಅನುಮಾನ. ಮಣಿಕಟ್ಟಿನಿಂದ ಶುರುವಾಗಿ ಮೊಣಕೈವರೆಗೆ ಒದ್ದೆಯಿದ್ದರೆ ವಾಲ್ವಿನ ತಪ್ಪಲ್ಲ. ಮುಷ್ಟಿ ಬಿಗಿದಾಗ ಮಣಿಕಟ್ಟಿನ ನರಗಳು ಎದ್ದು ಸೀಲಿನ ಕೆಳಗೆ ಕಾಲುವೆಯಾಗುತ್ತದೆ. ಎದೆಯ ನಡುವೆ ದುಂಡಗೆ ಒದ್ದೆಯಾಗಿದ್ದರೆ ಗಾಳಿ ತುಂಬುವ ವಾಲ್ವು, ಇಲ್ಲವೇ ಅದು ಬಟ್ಟೆಗೆ ಕೂತ ಜಾಗ. ಮೈಯೆಲ್ಲ ಒಂದೇ ಸಮ ತೇವ ಇದ್ದರೆ ಅದು ಬೆವರು, ಸೋರಿಕೆಯಲ್ಲ. ಈ ನಾಲ್ಕನ್ನು ಬೇರ್ಪಡಿಸದೆ ವಾಲ್ವು ಬಿಚ್ಚಿದವರು ಚೆನ್ನಾಗಿದ್ದದ್ದನ್ನು ಕೆಡಿಸಿಕೊಳ್ಳುತ್ತಾರೆ.

ತೊಳೆಯುವ ಕ್ರಮ, ಬೆಂಗಳೂರಿನ ನೀರಿನಲ್ಲಿ

ಡೈವ್ ಮುಗಿದ ದಿನವೇ, ಉಪ್ಪು ಒಣಗುವ ಮುಂಚೆ, ಸಿಹಿನೀರಿನಲ್ಲಿ ತೊಳೆಯಬೇಕು. ಗಾಳಿ ತುಂಬುವ ವಾಲ್ವನ್ನು ಹೋಸ್ ಜೋಡಿಸಿ, ಸಿಲಿಂಡರ್ ತೆರೆದಿಟ್ಟು ತೊಳೆಯುವುದು ಸರಿಯಾದ ಕ್ರಮ. ನೀರು ಸುರಿಯುತ್ತ ಹತ್ತು ಹದಿನೈದು ಸಲ ಬಟನ್ ಒತ್ತಿ. ಒಳಗಿನ ಒತ್ತಡ ನೀರನ್ನು ಹೊರಗೇ ತಡೆಯುತ್ತದೆ. ಹೋಸ್ ಇಲ್ಲದೆ ಬಟನ್ ಒತ್ತಿದರೆ ನೀರು ವಾಲ್ವಿನೊಳಕ್ಕೆ, ಅಲ್ಲಿಂದ ಸೂಟಿನೊಳಕ್ಕೆ ಹೋಗುತ್ತದೆ. ಮನೆಯಲ್ಲಿ ಸಿಲಿಂಡರ್ ಇಲ್ಲದವರು ಹೊರಭಾಗವನ್ನಷ್ಟೇ ತೊಳೆದು ಬಟನ್ ಮುಟ್ಟದಿರುವುದು ಲೇಸು. ಹೋಸಿನ ತುದಿಯಲ್ಲಿ ವಾಲ್ವಿಗೆ ಕೂಡಿಕೊಳ್ಳುವ ಕಪ್ಲಿಂಗನ್ನು ಮರೆಯಬೇಡಿ. ಅದರ ಜಾರುವ ಕೊರಳಿನೊಳಗೂ ಉಪ್ಪು ಕೂರುತ್ತದೆ.

ಗಾಳಿ ಬಿಡುವ ವಾಲ್ವನ್ನು ಒಂದು ಬೋಗುಣಿ ಉಗುರುಬೆಚ್ಚಗಿನ ನೀರಿನಲ್ಲಿ 15-20 ನಿಮಿಷ ಮುಳುಗಿಸಿಡಿ. ಪಾತ್ರೆ ತೊಳೆಯುವ ದ್ರವ ಸೋಪು ಎರಡು ಹನಿ ಸಾಕು. ನಡುನಡುವೆ ಮುಚ್ಚಳವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಒತ್ತಿ ಬಿಡಿ. ಆಮೇಲೆ ಸೂಟಿನ ಒಳಗಿನಿಂದ ಹೊರಕ್ಕೆ ಶುದ್ಧ ನೀರು ಹರಿಸಿ. ದಿಕ್ಕು ಮುಖ್ಯ: ಹೊರಗಿನಿಂದ ರಭಸವಾಗಿ ಗಾಳಿಯನ್ನೋ ನೀರನ್ನೋ ಹೊಡೆದರೆ ಬಿಲ್ಲೆ ಮಡಚಿಕೊಳ್ಳುತ್ತದೆ.

ಈಗ ನಮ್ಮ ಊರಿನ ವಿಷಯ. ಕಾವೇರಿ ನೀರು ಬರುವ ಮನೆಯಾದರೆ ಚಿಂತೆಯಿಲ್ಲ. ಬೋರ್‌ವೆಲ್ ನೀರಾದರೆ ಅದು ಗಡಸು. ಗೀಸರಿನ ಕಾಯಿಲಿಗೆ, ನಲ್ಲಿಯ ಮೂತಿಗೆ ಕಟ್ಟುವ ಬಿಳಿ ಪೊರೆಯೇ ವಾಲ್ವಿನ ಬಿಲ್ಲೆ ಕೂರುವ ಜಾಗದಲ್ಲೂ ಕಟ್ಟುತ್ತದೆ. ಉಪ್ಪು ತೆಗೆಯಲು ಹೋಗಿ ಸುಣ್ಣ ಅಂಟಿಸಿಕೊಂಡಂತೆ. ಮೊದಲ ಜಾಲಾಟ ಬೋರ್‌ವೆಲ್ ನೀರಿನಲ್ಲಿ ಆಗಲಿ, ಕೊನೆಯ ಜಾಲಾಟಕ್ಕೆ ವಾಲ್ವಿಗೊಂದು ಲೀಟರ್ ಆರ್‌ಓ ಫಿಲ್ಟರಿನಲ್ಲಿ ಶುದ್ಧವಾದ ನೀರು ಬಳಸಿ. ಫಿಲ್ಟರ್ ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ನೆಲ ಒರೆಸಲು ಬಳಸುತ್ತೇವಲ್ಲ, ಅದು ಇಲ್ಲಿ ಬೇಡ. ಅದರಲ್ಲಿ ಲವಣ ಇನ್ನೂ ಹೆಚ್ಚು. ಬಿಳಿ ಪೊರೆ ಆಗಲೇ ಕಟ್ಟಿದ್ದರೆ ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ 20 ನಿಮಿಷ ನೆನೆಸಿ, ಚೆನ್ನಾಗಿ ಜಾಲಿಸಿ. ಬಾತ್‌ರೂಮ್ ತೊಳೆಯುವ ಆಸಿಡ್ ಹತ್ತಿರವೂ ತರಬೇಡಿ.

ಸೋರಿಕೆ ಹುಡುಕುವುದು

ಮಣಿಕಟ್ಟಿನ ಸೀಲುಗಳಿಗೆ ನಯವಾದ ಅಂಚಿನ ಪ್ಲಾಸ್ಟಿಕ್ ಬಾಟಲಿ, ಕುತ್ತಿಗೆಯ ಸೀಲಿಗೆ ಮಕ್ಕಳ ಆಟದ ಚೆಂಡು ತೂರಿಸಿ. ಜಿಪ್ ಹಾಕಿ, ಗಾಳಿ ಬಿಡುವ ವಾಲ್ವನ್ನು ಪೂರ್ತಿ ಬಿಗಿ ಮಾಡಿ, ಸೂಟು ದಿಂಬಿನಷ್ಟು ಮೆತ್ತಗೆ ಉಬ್ಬುವವರೆಗೆ ಗಾಳಿ ತುಂಬಿ. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ದ್ರವ ಸೋಪು ಬೆರೆಸಿ ಸ್ಪಂಜಿನಲ್ಲಿ ಸವರಿ. ಗಾಳಿ ಸೋರುವಲ್ಲಿ ಗುಳ್ಳೆ ಬೆಳೆಯುತ್ತದೆ. ಗ್ಯಾಸ್ ಸಿಲಿಂಡರಿಗೆ ಮಾಡುವ ಪರೀಕ್ಷೆಯೇ.

ಒಂದು ಕಡೆ ಈ ಪರೀಕ್ಷೆ ಮೋಸ ಮಾಡುತ್ತದೆ. ಗಾಳಿ ಬಿಡುವ ವಾಲ್ವಿನ ಕೆಲಸವೇ ಗಾಳಿಯನ್ನು ಹೊರಗೆ ಬಿಡುವುದು. ಸೂಟು ಹೆಚ್ಚು ಉಬ್ಬಿದರೆ ಅಲ್ಲಿ ಗುಳ್ಳೆ ಬರುವುದು ಸಹಜ, ಅದು ದೋಷವಲ್ಲ. ಹಾಗೆಯೇ ಗುಳ್ಳೆ ಬರದಿದ್ದರೆ ನೀರು ಒಳಬರುವುದಿಲ್ಲ ಎಂದೂ ಅರ್ಥವಲ್ಲ. ಅದನ್ನು ತಿಳಿಯಲು ವಾಲ್ವನ್ನು ಸೂಟಿನಿಂದ ಬೇರ್ಪಡಿಸಿ, ತೊಳೆದು ಒಣಗಿಸಿ, ಒಳಭಾಗಕ್ಕೆ ಬಾಯಿಟ್ಟು ಗಾಳಿ ಎಳೆಯಿರಿ. ಬಿಲ್ಲೆ ಸರಿಯಾಗಿ ಕೂತಿದ್ದರೆ ಗಾಳಿ ಬರದೆ ನಾಲಿಗೆ ಹೀರಿಕೊಂಡು ನಿಲ್ಲುತ್ತದೆ. ಸಣ್ಣಗೆ ಗಾಳಿ ಬರುತ್ತಿದ್ದರೆ ಮತ್ತೆ ತೊಳೆಯಿರಿ. ಮೂರು ಸಲ ತೊಳೆದರೂ ನಿಲ್ಲದಿದ್ದರೆ ಬಿಲ್ಲೆ ಹಾಳಾಗಿದೆ.

ಗಾಳಿ ತುಂಬುವ ವಾಲ್ವಿಗೆ ಪರೀಕ್ಷೆ ಸುಲಭ. ಹೋಸ್ ಜೋಡಿಸಿ, ಬಟನ್ ಮುಟ್ಟದೆ, ವಾಲ್ವಿನ ಒಳಬದಿಗೆ ಸೋಪುನೀರು ಹಚ್ಚಿ ಐದು ನಿಮಿಷ ಕಾಯಿರಿ. ಗುಳ್ಳೆ ಎದ್ದರೆ ಓ-ರಿಂಗ್ ಹೋಗಿದೆ.

ಬಿಚ್ಚುವುದು: ಯಾವುದನ್ನು, ಎಲ್ಲಿಯವರೆಗೆ

ಎರಡೂ ವಾಲ್ವುಗಳು ಸೂಟಿನ ಬಟ್ಟೆಯನ್ನು ಎರಡು ತಟ್ಟೆಗಳ ನಡುವೆ ಹಿಡಿದು ಕೂತಿರುತ್ತವೆ. ಹೊರಭಾಗ ಒಂದು, ಒಳಗಿನಿಂದ ತಿರುಪುವ ನಟ್ಟು ಇನ್ನೊಂದು, ನಡುವೆ ವಾಷರ್. ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ; ಯಾವ ವಾಷರ್ ಬಟ್ಟೆಯ ಯಾವ ಬದಿಗೆ ಇತ್ತು ಎಂಬುದು ಮರೆತುಹೋಗುತ್ತದೆ. ಮತ್ತೆ ಜೋಡಿಸುವಾಗ ವಾಷರ್ ಕೂರುವ ಬಟ್ಟೆಯನ್ನು ಒರೆಸಿ, ಸುಕ್ಕಿಲ್ಲದಂತೆ ಹರಡಿ, ಕೈಯಲ್ಲೇ ಬಿಗಿ ಮಾಡಿ. ಹೆಚ್ಚು ಬಿಗಿದಷ್ಟೂ ಸೋರುವುದಿಲ್ಲ ಎಂಬುದು ತಪ್ಪು ಎಣಿಕೆ. ಅತಿಯಾಗಿ ಬಿಗಿದರೆ ಬಟ್ಟೆ ನಟ್ಟಿನ ಜೊತೆ ತಿರುಚಿಕೊಂಡು ನಿರಿಗೆ ಬೀಳುತ್ತದೆ, ನೀರು ನುಗ್ಗುವುದು ಆ ನಿರಿಗೆಯಲ್ಲೇ.

ವಾಲ್ವಿನ ಹೊಟ್ಟೆ ಬಿಚ್ಚುವ ಮಾತು ಬಂದರೆ ಎರಡಕ್ಕೂ ಬೇರೆ ಬೇರೆ ನಿಯಮ. ಗಾಳಿ ಬಿಡುವ ವಾಲ್ವನ್ನು ತೊಳೆಯಿರಿ, ಬಿಚ್ಚಬೇಡಿ. ಹಲವು ಮಾದರಿಗಳು ಒತ್ತಿ ಮುಚ್ಚಿದಂಥವು. ಬಲವಂತವಾಗಿ ತೆಗೆದರೆ ಕೊಂಡಿ ಮುರಿಯುತ್ತದೆ. ಬಿಲ್ಲೆ ಹಾಳಾದರೆ ಇಡೀ ವಾಲ್ವು ಬದಲಿಸುವುದೇ ದಾರಿ. ಗಾಳಿ ತುಂಬುವ ವಾಲ್ವನ್ನು, ತಯಾರಕರು ಬಿಡಿಭಾಗದ ಕಿಟ್ ಕೊಡುವ ಮಾದರಿಯಾಗಿದ್ದರೆ ಮಾತ್ರ, ಜಾಗರೂಕತೆಯಿಂದ ಬಿಚ್ಚಬಹುದು. ಸ್ವೀಡನ್ನಿನ ಎಸ್‌ಐ ಟೆಕ್, ಇಂಗ್ಲೆಂಡಿನ ಏಪೆಕ್ಸ್ ವಾಲ್ವುಗಳು ಹೆಚ್ಚು ಸೂಟುಗಳಲ್ಲಿ ಕಾಣುತ್ತವೆ. ಒಂದರ ಭಾಗ ಇನ್ನೊಂದಕ್ಕೆ ಆಗುತ್ತದೆಂದು ಭಾವಿಸಬೇಡಿ. ಹೋಸಿನ ಕಪ್ಲಿಂಗಿನಲ್ಲೂ ಒಂದಕ್ಕೊಂದು ಹೊಂದದ ಬಗೆಗಳಿವೆ.

ಕೆಲಸ ಶುರುಮಾಡುವಾಗ ಹೋಸ್ ಕಳಚಿರಬೇಕು. ಪಿಸ್ಟನನ್ನು ಹಿಡಿದಿರುವ ಸಣ್ಣ ಕ್ಲಿಪ್ ತೆಗೆಯುವಾಗ ಸ್ಪ್ರಿಂಗ್ ಹಾರಿ ಮಂಚದ ಕೆಳಗೆ ಸೇರುತ್ತದೆ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಎರಡೂ ಕೈ ಹಾಕಿ ಬಿಚ್ಚಿದರೆ ಏನೂ ಕಳೆಯುವುದಿಲ್ಲ. ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಬಂದ ಕ್ರಮದಲ್ಲೇ ಸಾಲಾಗಿ ಇಡಿ. ಓ-ರಿಂಗ್ ಎಬ್ಬಿಸಲು ಪಿನ್ನು, ಸೂಜಿ ಬೇಡ, ಹಲ್ಲುಕಡ್ಡಿ ಸಾಕು. ಉಂಗುರ ಹೋದರೆ ಹೊಸದು ಬರುತ್ತದೆ. ಅದು ಕೂರುವ ತೋಡಿಗೆ ಸೂಜಿಯ ಗೀರು ಬಿದ್ದರೆ ವಾಲ್ವೇ ಹೋದಂತೆ. ತೆಗೆದ ಓ-ರಿಂಗನ್ನು ಬೆಳಕಿಗೆ ಹಿಡಿದು ನೋಡಿ: ಅಡ್ಡಕೊಯ್ತದಲ್ಲಿ ದುಂಡಗಿರಬೇಕಾದ್ದು ಒಂದು ಕಡೆ ಚಪ್ಪಟೆಯಾಗಿದೆಯೇ, ಹಿಗ್ಗಿಸಿದಾಗ ಸಣ್ಣ ಬಿರುಕು ಕಾಣುತ್ತದೆಯೇ? ಕಂಡರೆ ಬಿಸಾಡಿ. ಬಿಚ್ಚಿದ ಮೇಲೆ ಎಲ್ಲ ಓ-ರಿಂಗುಗಳನ್ನೂ ಒಟ್ಟಿಗೆ ಬದಲಿಸುವುದೇ ಸರಿ. ಒರೆಸಲು ಕನ್ನಡಕ ಒರೆಸುವ ಬಟ್ಟೆ ಒಳ್ಳೆಯದು. ಹತ್ತಿಯ ಉಂಡೆ ಎಳೆ ಬಿಡುತ್ತದೆ.

ಕಿಟ್ ಸಿಗದೆ ಓ-ರಿಂಗ್ ಹುಡುಕಿಕೊಂಡು ಬಿಡಿಭಾಗದ ಅಂಗಡಿಗಳಿರುವ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಕಡೆ ಹೋಗುವವರಿಗೆ ಒಂದು ಮಾತು. ಓ-ರಿಂಗಿಗೆ ಎರಡು ಅಳತೆ: ಒಳವ್ಯಾಸ ಮತ್ತು ದಪ್ಪ. 6 × 1.5 ಎಂದರೆ ಒಳವ್ಯಾಸ 6 ಮಿ.ಮೀ., ದಪ್ಪ 1.5 ಮಿ.ಮೀ. ಅಂಗುಲದ ಲೆಕ್ಕದ ಸಣ್ಣ ಉಂಗುರಗಳು ಸಾಮಾನ್ಯವಾಗಿ 1.78 ಮಿ.ಮೀ. ದಪ್ಪ ಇರುತ್ತವೆ, ಮೆಟ್ರಿಕ್ ಲೆಕ್ಕದವು 1.5 ಅಥವಾ 2. ಕಣ್ಣಿಗೆ ಎಲ್ಲವೂ ಒಂದೇ. ಹಳೆಯದು ಚಪ್ಪಟೆಯಾಗಿರುವುದರಿಂದ ಅದನ್ನು ಅಳೆದರೂ ತಪ್ಪು ಬರುತ್ತದೆ. ತಯಾರಕರ ಭಾಗಪಟ್ಟಿಯಲ್ಲಿ ಅಳತೆ, ರಬ್ಬರಿನ ಬಗೆ, ಗಡಸುತನ ಮೂರೂ ಕೊಟ್ಟಿದ್ದರೆ ಮಾತ್ರ ಅಂಗಡಿಯಿಂದ ತನ್ನಿ. ಇಲ್ಲದಿದ್ದರೆ ಪ್ರವಾಸಕ್ಕೆ ಎರಡು ತಿಂಗಳ ಮುಂಚೆಯೇ ಕಿಟ್ ತರಿಸಿಕೊಳ್ಳಿ, ಹೊರದೇಶದ ಪಾರ್ಸೆಲ್ ನಮ್ಮ ಅವಸರಕ್ಕೆ ಬರುವುದಿಲ್ಲ.

ಯಾವ ಜಿಡ್ಡು, ಎಷ್ಟು?

ಓ-ರಿಂಗಿಗೆ ಸಿಲಿಕೋನ್ ಗ್ರೀಸ್, ಅದೂ ಬೆರಳ ತುದಿಯಲ್ಲಿ ಸವರಿದಾಗ ಹೊಳಪು ಬರುವಷ್ಟೇ. ಮುದ್ದೆ ಕಂಡರೆ ಹೆಚ್ಚಾಗಿದೆ, ಒರೆಸಿ. ಗಾಳಿ ಬಿಡುವ ವಾಲ್ವಿನ ಬಿಲ್ಲೆಗೆ ಏನೂ ಹಚ್ಚಬಾರದು. ಬಿಲ್ಲೆ ಸಿಲಿಕೋನ್ ರಬ್ಬರಿನದಾಗಿದ್ದರೆ ಸಿಲಿಕೋನ್ ಗ್ರೀಸ್ ಅದನ್ನು ಉಬ್ಬಿಸುತ್ತದೆ. ಯಾವ ರಬ್ಬರಾದರೂ ಜಿಡ್ಡಿಗೆ ನವಿರು ಅಂಟುತ್ತದೆ.

ಯಾವುದು ಬಿಗಿಯಾದರೂ ಕೊಬ್ಬರಿ ಎಣ್ಣೆ ಬಿಡುವುದು ನಮ್ಮ ಮನೆಗಳ ರೂಢಿ. ಇಲ್ಲಿ ಅದು ಬೇಡವೇ ಬೇಡ. ವ್ಯಾಸಲೀನ್, ಸೈಕಲ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ. ಲೇಟೆಕ್ಸ್, ಅಂದರೆ ನೈಸರ್ಗಿಕ ರಬ್ಬರಿನ ಸೀಲುಗಳು ಎಣ್ಣೆ ತಾಕಿದರೆ ಮೆತ್ತಗಾಗಿ ಹರಿಯುತ್ತವೆ. ಸೀಲಿಗೆ ಹಚ್ಚುವ ಪೌಡರ್ ಸುವಾಸನೆ ಇಲ್ಲದ ಶುದ್ಧ ಟಾಲ್ಕ್ ಆಗಿರಲಿ. ಮುಂದೆಂದಾದರೂ ಅಂಟು ಹಾಕಿ ಸೀಲ್ ಬದಲಿಸಬೇಕಾದ ಜಾಗಕ್ಕೆ ಸಿಲಿಕೋನ್ ತಾಕಿಸಬೇಡಿ, ಅಲ್ಲಿ ಅಂಟು ಹಿಡಿಯುವುದಿಲ್ಲ.

ಎತ್ತಿಡುವುದು

ಗಾಳಿ ಬಿಡುವ ವಾಲ್ವನ್ನು ಪೂರ್ತಿ ಸಡಿಲ ಮಾಡಿ ಎತ್ತಿಡಿ, ತಿಂಗಳುಗಟ್ಟಲೆ ಬಿಗಿಯಾಗಿದ್ದರೆ ಸ್ಪ್ರಿಂಗೂ ಬಿಲ್ಲೆಯೂ ಒತ್ತಿಕೊಂಡೇ ಇರುತ್ತವೆ. ವಾಲ್ವಿನ ಮೇಲೆ ಭಾರ ಬೀಳದಂತೆ ಮಡಚಿ. ತಾರಸಿಯ ಕೆಳಗಿನ ಸಜ್ಜ ಏಪ್ರಿಲ್ ತಿಂಗಳಲ್ಲಿ ಕಾದ ಹೆಂಚು. ಕಿಡಿ ಹಾರುವ ಮೋಟಾರುಗಳ ಪಕ್ಕವೂ ಬೇಡ, ಅವು ಹೊರಬಿಡುವ ಓಝೋನ್ ಅನಿಲ ರಬ್ಬರನ್ನು ಸೀಳುತ್ತದೆ. ನೆರಳಿನ ಬೀರುವೇ ವಾಸಿ. ಮಳೆಗಾಲದಲ್ಲಿ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಒಳಗೂ ಹೊರಗೂ ಪೂರ್ತಿ ಒಣಗಿದ ಮೇಲೇ ಮಡಚಿ.

ನೀರಿನಲ್ಲಿ ಕೈಕೊಟ್ಟರೆ

ರಿಪೇರಿ ಮಾಡಿದ ವಾಲ್ವಿನ ಮೊದಲ ಪರೀಕ್ಷೆ ಸಿಲ್ಫ್ರಾದಲ್ಲಿ ಆಗಬಾರದು. ಈಜುಕೊಳದ ಎರಡು ಮೂರು ಮೀಟರ್ ಆಳದಲ್ಲಿ, ಡ್ರೈಸೂಟ್ ಬಲ್ಲ ಬೋಧಕರ ಜೊತೆ ಅರ್ಧ ಗಂಟೆ ಇದ್ದು ನೋಡಿ.

ಅಲ್ಲೇ ಇನ್ನೊಂದನ್ನೂ ಅಭ್ಯಾಸ ಮಾಡಿ. ಬಟನ್ ಸಿಕ್ಕಿಕೊಂಡು ಸೂಟು ತುಂಬತೊಡಗಿದರೆ ಮೊದಲು ಹೋಸ್ ಕಳಚಬೇಕು, ಮತ್ತೆ ಎಡಮೊಣಕೈ ಮೇಲೆತ್ತಿ ಗಾಳಿ ಬಿಡುವ ವಾಲ್ವನ್ನು ಒತ್ತಬೇಕು. ಈ ಸಾಲು ಅದಲುಬದಲಾಗಬಾರದು. ಹೋಸ್ ತೆಗೆಯದೆ ಎಷ್ಟು ಗಾಳಿ ಬಿಟ್ಟರೂ ಒಳಬರುವುದು ನಿಲ್ಲುವುದಿಲ್ಲ. ಗಾಳಿ ಬಿಡುವ ವಾಲ್ವೇ ಮುಚ್ಚಿಕೊಂಡಿದ್ದರೆ ಮಣಿಕಟ್ಟನ್ನು ಎಲ್ಲಕ್ಕಿಂತ ಎತ್ತರಕ್ಕೆ ಹಿಡಿದು ಸೀಲಿನೊಳಗೆ ಎರಡು ಬೆರಳು ತೂರಿಸಿ. ತಣ್ಣೀರು ಒಳನುಗ್ಗುತ್ತದೆ, ಆದರೆ ಗಾಳಿ ಹೊರಹೋಗುತ್ತದೆ. ಇದೆಲ್ಲವನ್ನೂ ಅಲ್ಲಿ ಹಾಕಿಕೊಳ್ಳುವ ದಪ್ಪ ಕೈಗವಸು ಹಾಕಿಕೊಂಡೇ, ಕಣ್ಣು ಮುಚ್ಚಿ ಹೋಸ್ ಕಳಚಲು ಬರುವವರೆಗೆ ಮಾಡಿ. ಬರಿಗೈಯಲ್ಲಿ ಒಂದೇ ಎಳೆತಕ್ಕೆ ಬರುವ ಕಪ್ಲಿಂಗ್ ಕೈಗವಸಿನಲ್ಲಿ ಮೊದಲ ಸಲ ಸಿಕ್ಕುವುದೇ ಇಲ್ಲ.